ಕಾಗೆಯ ಬುದ್ಧಿ, ಕಾಗೆಯ ಕಿತಾಪತಿ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಹಳೇ ಊರಿನಲ್ಲಿ ನಮ್ಮ ಮನೆ. ಮಾಳಿಗೆ ಮೇಲೆ ಒಂದು ಮಣ್ಣಿನ ಬೋಗುಣಿಯಲ್ಲಿ ನೀರು ಇಡುತ್ತೇನೆ. ಪಕ್ಕದಲ್ಲಿ ಒಂದು ಹಿಡಿ ಮಂಡಕ್ಕಿ, ಮಿಕ್ಕಿದ ರೊಟ್ಟಿ. ಹತ್ತು ವರ್ಷದ ಅಭ್ಯಾಸ ಇದು. ಹಾಗಾಗಿ ಓಣಿಯಲ್ಲಿ ಯಾರ ಹಪ್ಪಳ ಕಳುವಾದರೂ ದೂರು ನನ್ನ ಹತ್ತಿರವೇ ಬರುತ್ತದೆ, ಕಾಗೆಗಳನ್ನು ನಾನೇ ಕೆಲಸಕ್ಕೆ ಇಟ್ಟುಕೊಂಡ ಹಾಗೆ. ಕುಂದುವಾಡ ಕೆರೆ ಮೇಲೆ ವಾಕಿಂಗ್ ಹೋದರೆ ಅಲ್ಲೂ ಇದೇ ಮಾತು. ಕೇಳಿದ್ದನ್ನೇ ಕೇಳುತ್ತಾರೆ, ಹೇಳಿದ್ದನ್ನೇ ಹೇಳುತ್ತೇನೆ. ಒಂದು ಸಲ ಬರೆದಿಟ್ಟರೆ ಬಾಯಿಗೆ ಸ್ವಲ್ಪ ವಿಶ್ರಾಂತಿ ಅಂತ ಕೂತೆ.

ಕಾಗೆ ಜಾಣ ಹಕ್ಕಿ ಅಂತೀರಿ. ಸುಮ್ನೆ ಕಾಗೆ ಹಾರಿಸ್ತಿಲ್ಲ ತಾನೆ?

ಇಲ್ಲ. ಮೊದಲು ನಮ್ಮ ಮಾಳಿಗೆಯದ್ದೇ ಹೇಳುತ್ತೇನೆ. ಖಡಕ್ ರೊಟ್ಟಿ ಗೊತ್ತಲ್ವಾ, ಮುರಿದರೆ ಲಟಕ್ ಅನ್ನುವಂಥದ್ದು. ಗುಬ್ಬಿ, ಗೊರವಂಕಗಳು ಅದನ್ನು ಕುಕ್ಕಿ ಕುಕ್ಕಿ ಸಾಕಾಗಿ ಬಿಟ್ಟು ಹೋಗುತ್ತವೆ. ಕಾಗೆ ತುಂಡನ್ನು ಕಚ್ಚಿಕೊಂಡು ಬೋಗುಣಿಗೆ ಬರುತ್ತದೆ. ನೀರಲ್ಲಿ ಅದ್ದಿ ಸ್ವಲ್ಪ ಹೊತ್ತು ಕಾಯುತ್ತದೆ. ಮೆತ್ತಗಾದ ಮೇಲೆ ತಿನ್ನುತ್ತದೆ. ಹಲ್ಲು ಬಿದ್ದ ಮೇಲೆ ನಮ್ಮಜ್ಜಿ ಹಾಲಿನಲ್ಲಿ ರೊಟ್ಟಿ ನೆನೆಸುತ್ತಿದ್ದದ್ದೂ ಹೀಗೇ. ಮಂಡಕ್ಕಿಯನ್ನು ಮಾತ್ರ ಅದು ಒಣದಾಗಿಯೇ ನುಂಗುತ್ತದೆ. ಯಾವುದಕ್ಕೆ ನೀರು ಬೇಕು, ಯಾವುದಕ್ಕೆ ಬೇಡ ಅನ್ನುವ ಲೆಕ್ಕ ಅದಕ್ಕಿದೆ.

ಅಷ್ಟು ಪುಟ್ಟ ತಲೆಯಲ್ಲಿ ಇದೆಲ್ಲ ಹೇಗೆ ಹಿಡಿಸುತ್ತದೆ? 2016ರಲ್ಲಿ ವಿಜ್ಞಾನಿಗಳು 28 ಜಾತಿಯ ಹಕ್ಕಿಗಳ ಮಿದುಳಿನಲ್ಲಿ ನರಕೋಶ ಎಷ್ಟಿವೆ ಅಂತ ಎಣಿಸಿದರು. ಕಾಗೆ ಬಳಗ ಮತ್ತು ಗಿಳಿ ಬಳಗದಲ್ಲಿ ಅವು ಬಹಳ ಒತ್ತೊತ್ತಾಗಿ ತುಂಬಿವೆ ಅಂತ ಗೊತ್ತಾಯಿತು. ಕಾಗೆಯ ದೊಡ್ಡ ದಾಯಾದಿ ರೇವನ್‌ನ ಮಿದುಳು ಸುಮಾರು 14 ಗ್ರಾಂ. ಆದರೆ ಯೋಚನೆಗೆ ಬಳಕೆಯಾಗುವ ಮುಂಭಾಗದಲ್ಲೇ 120 ಕೋಟಿಯಷ್ಟು ನರಕೋಶಗಳಿವೆ. ಕೆಲವು ಜಾತಿ ಕೋತಿಗಳಿಗೆ ಇರುವುದೂ ಅಷ್ಟೇ. ಸಂತೆ ದಿನದ ಬಸ್ಸಿನ ಹಾಗೆ, ಜಾಗ ಸಣ್ಣದು, ಜನ ಜಾಸ್ತಿ.

ಈ ರೇವನ್ ಅಂದ್ರೆ ನಮ್ಮ ಕಾಗೆಯೇನಾ?

ಬಳಗ ಒಂದೇ, ಹಕ್ಕಿ ಬೇರೆ. ನಮ್ಮಲ್ಲಿ ಎರಡು ಕಾಗೆ ಇವೆ. ಕುತ್ತಿಗೆ ಬೂದಿ ಬಣ್ಣದ್ದು ಊರು ಕಾಗೆ. ಮೈಯೆಲ್ಲ ಕಪ್ಪಾಗಿ, ಕೊಕ್ಕು ದಪ್ಪ ಇರುವುದು ಕಾಡು ಕಾಗೆ. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಹೋದರೆ ಕಾಡು ಕಾಗೆಯ ಗಡಸು ದನಿ ಕೇಳಿಸಿಕೊಳ್ಳಿ, ವ್ಯತ್ಯಾಸ ತಿಳಿಯುತ್ತದೆ. ರೇವನ್ ಇವೆರಡಕ್ಕಿಂತ ದೊಡ್ಡದು, ತೂಕ ಒಂದು ಕಿಲೋ ದಾಟುತ್ತದೆ. ಊರು ಕಾಗೆ 300 ಗ್ರಾಂ ಆಸುಪಾಸು ಅಷ್ಟೇ. ಭಾರತದಲ್ಲಿ ರೇವನ್ ನೋಡಬೇಕಾದರೆ ಹಿಮಾಲಯಕ್ಕೋ ರಾಜಸ್ಥಾನದ ಒಣ ಸೀಮೆಗೋ ಹೋಗಬೇಕು. ಲಂಡನ್ ಟವರ್‌ನಲ್ಲಿ ಕಡಿಮೆ ಅಂದರೂ ಆರು ರೇವನ್ ಸಾಕುತ್ತಾರೆ. ಅವು ಬಿಟ್ಟು ಹೋದರೆ ರಾಜ್ಯ ಬೀಳುತ್ತದಂತೆ. ಶಕುನ ನೋಡುವುದರಲ್ಲಿ ಅವರೇನೂ ನಮಗಿಂತ ಕಮ್ಮಿ ಇಲ್ಲ.

ಒಂದು ಮಾತು. ಊರು ಕಾಗೆ ಮನುಷ್ಯರಿಲ್ಲದ ಕಡೆ ಬಾಳುವುದೇ ಇಲ್ಲ. ಹಡಗು ಹತ್ತಿ ಆಫ್ರಿಕಾದ ಪೂರ್ವ ಕರಾವಳಿಗೆ ಹೋದದ್ದೂ ನಮ್ಮ ಜೊತೆಯಲ್ಲೇ. ಅಲ್ಲಿ ಎಷ್ಟು ಹೆಚ್ಚಿತು ಅಂದರೆ, 2024ರಲ್ಲಿ ಕೀನ್ಯಾ ಸರ್ಕಾರ ಹತ್ತು ಲಕ್ಷ ಕಾಗೆ ಕೊಲ್ಲುವ ಯೋಜನೆ ಹಾಕಿತ್ತು. ನನ್ನ ಪ್ರಕಾರ ಅದರ ಜಾಣತನದ ಗುಟ್ಟು ಇಲ್ಲೇ ಇದೆ. ಅದಕ್ಕೆ ಹೊಲ ಇಲ್ಲ, ಕಣ ಇಲ್ಲ. ನಾವೇ ಅದರ ಹೊಲ. ನಾವು ಯಾವಾಗ ಏಳುತ್ತೇವೆ, ಯಾವಾಗ ಮುಸುರೆ ಚೆಲ್ಲುತ್ತೇವೆ, ಯಾರು ಮೈಮರೆಯುತ್ತಾರೆ, ಎಲ್ಲ ಅದಕ್ಕೆ ಗೊತ್ತಿರಬೇಕು. ಕಾಗೆಯನ್ನು ನಾವು ನೋಡುವುದಕ್ಕಿಂತ ನಮ್ಮನ್ನು ಕಾಗೆ ಜಾಸ್ತಿ ನೋಡುತ್ತದೆ.

ಹೂಜಿಗೆ ಕಲ್ಲು ಹಾಕಿ ನೀರು ಕುಡಿದ ಕತೆ ನಿಜವಾ?

ಕತೆಯ ಕಾಗೆಯನ್ನು ಕಂಡವರಿಲ್ಲ. ಆದರೆ 2009ರಲ್ಲಿ ಇಂಗ್ಲೆಂಡಿನಲ್ಲಿ ಇಬ್ಬರು ವಿಜ್ಞಾನಿಗಳು ಇದನ್ನೇ ಪರೀಕ್ಷೆ ಮಾಡಿದರು. ರೂಕ್ ಅನ್ನುವ ಕಾಗೆ ಜಾತಿಯ ನಾಲ್ಕು ಹಕ್ಕಿ. ಒಂದು ಕೊಳವೆಯಲ್ಲಿ ಸ್ವಲ್ಪ ನೀರು, ಮೇಲೆ ತೇಲುವ ಹುಳ. ಹುಳ ಕೊಕ್ಕಿಗೆ ಎಟುಕುವುದಿಲ್ಲ. ನಾಲ್ಕೂ ಒಂದೊಂದೇ ಕಲ್ಲು ಹಾಕಿ ನೀರು ಮೇಲೆ ತಂದವು. ದೊಡ್ಡ ಕಲ್ಲು ಹಾಕಿದರೆ ಬೇಗ ಏರುತ್ತದೆ ಅಂತ ದೊಡ್ಡದನ್ನೇ ಆರಿಸಿದವು. ನಮ್ಮ ಕತೆಯ ಕಾಗೆ ಸಣ್ಣ ಕಲ್ಲು ಹಾಕಿ ಸುಮ್ನೆ ಸುಸ್ತಾಯಿತು ಅನ್ನಿ.

ಇದಕ್ಕಿಂತ ನನಗೆ ಇಷ್ಟವಾದದ್ದು ಬೆಟ್ಟಿಯ ಕತೆ. ಆಕ್ಸ್‌ಫರ್ಡ್‌ನಲ್ಲಿ ನ್ಯೂ ಕ್ಯಾಲೆಡೋನಿಯಾ ದ್ವೀಪದ ಜಾತಿಯ ಎರಡು ಕಾಗೆ ಇದ್ದವು, ಗಂಡು ಏಬಲ್, ಹೆಣ್ಣು ಬೆಟ್ಟಿ. ಕೊಳವೆಯ ತಳದಲ್ಲಿ ಹಿಡಿಕೆ ಇರುವ ಪುಟ್ಟ ಬಕೆಟ್, ಅದರಲ್ಲಿ ಮಾಂಸದ ಚೂರು. ಪಕ್ಕದಲ್ಲಿ ಎರಡು ತಂತಿ, ಒಂದು ನೇರ, ಇನ್ನೊಂದು ಕೊಕ್ಕೆ. ಯಾವುದನ್ನು ಆರಿಸುತ್ತವೆ ಅಂತ ನೋಡುವುದಷ್ಟೇ ಪರೀಕ್ಷೆ. ಏಬಲ್ ಕೊಕ್ಕೆ ತಂತಿಯನ್ನು ಎತ್ತಿಕೊಂಡು ಹಾರಿಹೋಯಿತು. ಬೆಟ್ಟಿ ಸ್ವಲ್ಪ ಹೊತ್ತು ನೇರ ತಂತಿಯಲ್ಲೇ ತಡಕಾಡಿತು. ಆಮೇಲೆ ಅದರ ತುದಿಯನ್ನು ಸಿಕ್ಕಿಸಿ ಬಗ್ಗಿಸಿ ತಾನೇ ಕೊಕ್ಕೆ ಮಾಡಿ ಬಕೆಟ್ ಎತ್ತಿತು! 2002ರಲ್ಲಿ ಇದು ಪ್ರಕಟವಾದಾಗ ದೊಡ್ಡ ಸುದ್ದಿ. ಈ ಜಾತಿಯ ಕಾಗೆಗಳು ಕಾಡಿನಲ್ಲೂ ಕಡ್ಡಿ ಬಗ್ಗಿಸಿಕೊಳ್ಳುತ್ತವೆ ಅಂತ 2016ರಲ್ಲಿ ಗೊತ್ತಾಯಿತು. ಹಾಗಾಗಿ ಅದು ಪೂರಾ ಆ ಕ್ಷಣದ ಹೊಳಹಲ್ಲ, ಹುಟ್ಟು ಕಸುಬು ಕೂಡ. ಆದರೂ ತಂತಿ ಅದಕ್ಕೆ ಹೊಸದು. ಗಂಡ ಕದ್ದದ್ದಕ್ಕೆ ಹೆಂಡತಿಯ ಬುದ್ಧಿ ಜಗತ್ತಿಗೆ ಗೊತ್ತಾಯಿತು ಅನ್ನುವುದೇ ನನಗೆ ಖುಷಿ.

ಒಂದು ಸಲ ಕಲ್ಲು ಹೊಡೆದಿದ್ದೆ. ಈಗ ನನ್ನನ್ನು ಕಂಡರೆ ಸಾಕು, ಕಿರುಚುತ್ತೆ. ಮುಖ ನೆನಪಿಟ್ಟಿದೆಯಾ?

ಇಟ್ಟಿದೆ. ನಿಮ್ಮ ಮನೆಯವರು ಮರೆತರೂ ಅದು ಮರೆಯುವುದಿಲ್ಲ.

ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಮಾರ್ಜ್ಲಫ್ ಅನ್ನುವ ಪ್ರೊಫೆಸರ್ 2006ರಲ್ಲಿ ವಿಶ್ವವಿದ್ಯಾಲಯದ ಆವರಣದಲ್ಲೇ ಏಳು ಕಾಗೆ ಹಿಡಿದು, ಕಾಲಿಗೆ ಬಳೆ ಹಾಕಿ ಬಿಟ್ಟರು. ಹಿಡಿಯುವಾಗ ಗುಹೆ ಮನುಷ್ಯನ ಮುಖವಾಡ ಹಾಕಿದ್ದರು. ಆಮೇಲೆ ಅದೇ ಮುಖವಾಡ ಹಾಕಿಕೊಂಡು ಯಾರು ನಡೆದರೂ ಕಾಗೆಗಳು ಮುತ್ತಿ ಬೈಯತೊಡಗಿದವು. ಗಂಡಸಾಗಲಿ ಹೆಂಗಸಾಗಲಿ, ಕುಂಟುತ್ತ ನಡೆಯಲಿ ನೆಟ್ಟಗೆ ನಡೆಯಲಿ, ಬಿಡಲಿಲ್ಲ. ಬೇರೆ ಮುಖವಾಡ ಹಾಕಿದವರ ತಂಟೆಗೆ ಹೋಗಲಿಲ್ಲ. ಹಿಡಿದದ್ದು ಏಳನ್ನೇ, ಬೈಯುವ ಗುಂಪು ಮಾತ್ರ ವರ್ಷ ವರ್ಷ ಬೆಳೆಯಿತು. ಆವತ್ತು ಹುಟ್ಟೇ ಇರದ ಮರಿಗಳೂ ಅಪ್ಪ ಅಮ್ಮನನ್ನು ನೋಡಿ ಕಲಿತವು. ಹಗೆ ತಣ್ಣಗಾಗಲು ಹದಿನೇಳು ವರ್ಷ ಹಿಡಿಯಿತು.

ಇದಕ್ಕೆ ಮದ್ದು? ಇದೆ. ದಿನಾ ಒಂದೇ ಹೊತ್ತಿಗೆ, ಅದರ ಕಣ್ಣೆದುರೇ ಒಂದು ಹಿಡಿ ಶೇಂಗಾ ಇಟ್ಟು ಹಿಂದೆ ಸರಿಯಿರಿ. ಕಾಗೆ ಉಪಕಾರ ಮಾಡಿದವರನ್ನೂ ಗುರುತಿಡುತ್ತದೆ. ನಮ್ಮ ಓಣಿಯ ಟೈಲರ್ ಒಬ್ಬರು ಹೀಗೆ ಎರಡು ತಿಂಗಳಲ್ಲಿ ರಾಜಿ ಮಾಡಿಕೊಂಡರು. ಈಗ ಅಂಗಡಿ ತೆಗೆಯುವುದು ಐದು ನಿಮಿಷ ತಡವಾದರೆ ಅದೇ ಕಾಗೆ ಷಟರ್ ಮೇಲೆ ಕೂತು ಕರೆಯುತ್ತದೆ. ಹಗೆಯೇ ವಾಸಿ ಇತ್ತು ಅಂತಾರೆ ಅವರು.

ಕಾಗೆ ತಲೆಗೆ ಕುಕ್ಕಿದೆ. ಶನಿ ಕಾಟವಾ?

ಏಪ್ರಿಲ್‌ನಿಂದ ಜೂನ್, ಜುಲೈವರೆಗಿನ ಮಾತಾದರೆ, ಅಲ್ಲೇ ಎಲ್ಲೋ ಗೂಡಿದೆ ಅಥವಾ ಹಾರಲು ಬಾರದ ಮರಿ ಕೆಳಗೆ ಬಿದ್ದಿದೆ ಅಂತ ಅರ್ಥ. ಅಪ್ಪ ಅಮ್ಮ ಕಾವಲು ಕಾಯುತ್ತಿವೆ. ಅವು ಹಿಂದಿನಿಂದ ಬಂದು ಎರಗುವುದೇ ಜಾಸ್ತಿ. ತಿರುಗಿ ನೋಡಿದರೆ ಹಿಂಜರಿಯುತ್ತವೆ. ನಾಲ್ಕು ದಿನ ಕೊಡೆ ಹಿಡಿದು ಓಡಾಡಿ, ಸಾಧ್ಯವಾದರೆ ದಾರಿ ಬದಲಿಸಿ. ಮರಿ ರಸ್ತೆಯಲ್ಲಿದ್ದರೆ ಬಟ್ಟೆ ಹಾಕಿ ಎತ್ತಿ ಹತ್ತಿರದ ಕೊಂಬೆಗೋ ಕಾಂಪೌಂಡಿಗೋ ಇಡಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಎತ್ತುವಾಗ ನಿಮ್ಮ ತಲೆಗೆ ಎರಡು ಏಟು ಬೀಳುತ್ತದೆ, ಅದು ಮಾತ್ರ ನಿಜ.

ಶನಿದೇವರ ವಿಷಯ ನಿಮ್ಮ ಮನೆಯ ಹಿರಿಯರನ್ನು ಕೇಳಿ. ನಾನು ಮಧ್ಯೆ ಬರುವುದಿಲ್ಲ.

ಎಡೆ ಇಟ್ಟರೆ ಕಾಗೆ ಮುಟ್ಟುವುದಿಲ್ಲ. ಯಾಕೆ?

ಪಕ್ಷ ಬಂದರೆ ಈ ಪ್ರಶ್ನೆ ಹತ್ತು ಸಲ ಬರುತ್ತದೆ. ಇದಕ್ಕೆ ಸ್ವಲ್ಪ ಉದ್ದಕ್ಕೇ ಉತ್ತರ ಹೇಳಬೇಕು.

ನಮ್ಮ ದೊಡ್ಡಪ್ಪ ತೀರಿಕೊಂಡಾಗ ಹರಿಹರದ ಹೊಳೆ ದಂಡೆಯಲ್ಲಿ ಕಾರ್ಯ ಮಾಡಿದೆವು. ಎಲೆಯಲ್ಲಿ ಅನ್ನ, ವಡೆ, ಪಾಯಸ ಇಟ್ಟಾಯಿತು. ಮರದ ತುಂಬ ಕಾಗೆ, ಒಂದೂ ಕೆಳಗೆ ಇಳಿಯಲೊಲ್ಲದು. ಅರ್ಧ ಗಂಟೆ ಆಯಿತು. ‘ಏನೋ ಆಸೆ ಉಳಿದಿದೆ’ ಅಂದರು ಯಾರೋ. ನಮ್ಮಣ್ಣ ಕೈ ಮುಗಿದು, ‘ತಂಗಿ ಮದುವೆ ನಾನು ಮಾಡ್ತೀನಿ ಅಪ್ಪಾ’ ಅಂದ. ಬರಲಿಲ್ಲ. ಇನ್ನೊಬ್ಬರು ಹೊಲದ ವಿಷಯ ಎತ್ತಿದರು. ಆಗಲೂ ಇಲ್ಲ. ಬಿಸಿಲು ಏರಿತು, ಹೆಂಗಸರು ಅಳತೊಡಗಿದರು. ಕೊನೆಗೆ ಅಲ್ಲೇ ದಿನಾ ಇರುವ ಅಜ್ಜ ಒಬ್ಬರು, ‘ಎಲ್ಲಾ ಆ ಕಡೆ ಹೋಗ್ರಪ್ಪಾ, ಅವಕ್ಕೆ ನಾಚಿಕೆ ಆಗಲ್ವೇನು’ ಅಂದರು. ಇಪ್ಪತ್ತೈದು ಜನ ಎಲೆಯ ಸುತ್ತ ಗೋಡೆ ಕಟ್ಟಿದ ಹಾಗೆ ನಿಂತು, ಕತ್ತೆತ್ತಿ ಕಾಗೆಗಳನ್ನೇ ದಿಟ್ಟಿಸುತ್ತಿದ್ದೆವು. ಹಿಂದೆ ಸರಿದ ಎರಡೇ ನಿಮಿಷಕ್ಕೆ ಒಂದು ಇಳಿಯಿತು. ಮೊದಲು ಎತ್ತಿದ್ದು ವಡೆಯನ್ನೇ. ದೊಡ್ಡಪ್ಪನಿಗೂ ವಡೆ ಅಂದರೆ ಪ್ರಾಣ. ಅದನ್ನು ಏನಂತ ತಿಳಿಯಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹಕ್ಕಿಯ ಕಡೆಯಿಂದ ನೋಡಿದರೆ ಕಾರಣ ಸರಳ. ಕಾಗೆಗೆ ಹೊಸ ವಸ್ತು, ಹೊಸ ಜಾಗ ಅಂದರೆ ಬಲು ಅನುಮಾನ. ನೆಟ್ಟ ನೋಟವನ್ನು ಅದು ಬೆದರಿಕೆ ಅಂತಲೇ ಓದುತ್ತದೆ. ಮೊದಲೇ ಅಲ್ಲಿ ದಿನಾ ತಿನ್ನುವ ಕಾಗೆ ಇದ್ದರೆ, ನೀವು ದೂರ ಇದ್ದರೆ, ಕೆಲಸ ಬೇಗ ಆಗುತ್ತದೆ. ಒಂದು ಇಳಿದರೆ ಮಿಕ್ಕವು ತಾವೇ ಬರುತ್ತವೆ. ಅಗುಳು ಕಂಡ ಕಾಗೆ ಬಳಗ ಕರೆಯುತ್ತದೆ ಅನ್ನುವುದು ನಮ್ಮಲ್ಲಿ ಬಹಳ ಹಳೆಯ ಮಾತು. ಆದರೆ ಮೊದಲು ಇಳಿಯುವ ಧೈರ್ಯ ಯಾರು ಮಾಡಬೇಕು ಅನ್ನುವುದರಲ್ಲಿ ಅವೂ ನಮ್ಮ ಹಾಗೇ.

ಬಚ್ಚಲ ಕಲ್ಲಿನ ಮೇಲಿನ ಸೋಪು ಕದಿಯುವುದು ಯಾಕೆ? ಹೊಳೆಯುವ ವಸ್ತು ಅಂದರೆ ಆಸೆಯಾ?

ಸೋಪಿನಲ್ಲಿರುವುದು ಎಣ್ಣೆ, ಕೊಬ್ಬು. ಅದರ ಮಟ್ಟಿಗೆ ತಿಂಡಿ. ಹೊಳೆಯುವುದರ ಆಸೆ ಅನ್ನುವುದು ಬರೀ ಮಾತು. 2014ರಲ್ಲಿ ಇಂಗ್ಲೆಂಡಿನಲ್ಲಿ ಮ್ಯಾಗ್‌ಪೈ ಅನ್ನುವ ಕಾಗೆ ಬಳಗದ ಹಕ್ಕಿಗೆ ಹೊಳೆಯುವ ಸ್ಕ್ರೂ, ಉಂಗುರ ಇಟ್ಟು ನೋಡಿದರು. ಅದು ಹತ್ತಿರ ಹೋಗಲು ಹೆದರಿತು. ಇನ್ನು ತಂತಿ, ಅದು ಗೂಡಿಗೆ. ಗಾಳಿಗೆ ಮುರಿಯುವುದಿಲ್ಲ, ಮಳೆಗೆ ಕೊಳೆಯುವುದಿಲ್ಲ. ನಮ್ಮ ಎದುರಿನ ತೆಂಗಿನ ಮರದಿಂದ ಬಿದ್ದ ಗೂಡೊಂದನ್ನು ಬಿಚ್ಚಿ ನೋಡಿದ್ದೆ. ಕಟ್ಟಡದ ಬೈಂಡಿಂಗ್ ವೈರ್, ಕೇಬಲ್ ತುಂಡು, ಬಟ್ಟೆ ಒಣಹಾಕುವ ಒಂದು ಹ್ಯಾಂಗರ್. ಹ್ಯಾಂಗರ್ ನಮ್ಮದೇ.

ಒಂದಕ್ಕೊಂದು ಮೋಸ ಮಾಡುತ್ತವಾ?

ಧಾರಾಳವಾಗಿ. ನಾಯಿ ಮೂಳೆ ಕಡಿಯುತ್ತಿದ್ದರೆ ಒಂದು ಕಾಗೆ ಹಿಂದಿನಿಂದ ಬಾಲ ಎಳೆಯುತ್ತದೆ, ಇನ್ನೊಂದು ಮುಂದಿನಿಂದ ಮೂಳೆ ಎತ್ತುತ್ತದೆ. ಇದನ್ನು ನೀವೂ ನೋಡಿರಬಹುದು.

ತಮ್ಮತಮ್ಮಲ್ಲೇ ಇನ್ನೂ ಸೂಕ್ಷ್ಮ. ಮಿಕ್ಕಿದ್ದನ್ನು ಹೆಂಚಿನ ಸಂದಿಯಲ್ಲೋ ಹೂಕುಂಡದಲ್ಲೋ ಬಚ್ಚಿಡುವ ಚಾಳಿ ಕಾಗೆ ಬಳಗದ ಹೆಚ್ಚಿನವಕ್ಕೆ ಇದೆ. ಯಾರಾದರೂ ನೋಡುತ್ತಿದ್ದರೆ ರೇವನ್ ಬಚ್ಚಿಟ್ಟ ಹಾಗೆ ನಾಟಕ ಮಾಡಿ ಬೇರೆ ಕಡೆ ಇಡುತ್ತದೆ. ಅದು ಎದುರಿನ ಹಕ್ಕಿಯ ಕತ್ತು ನೋಡಿ ಹೀಗೆ ಮಾಡುತ್ತದೋ, ‘ನನ್ನನ್ನು ನೋಡುತ್ತಿದ್ದಾನೆ’ ಅಂತ ಯೋಚಿಸುತ್ತದೋ? 2016ರಲ್ಲಿ ವಿಯೆನ್ನಾದ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದರು. ಮೊದಲು ಗೋಡೆಯ ಕಿಂಡಿಯಲ್ಲಿ ಇಣುಕಿ ನೋಡುವುದನ್ನು ರೇವನ್‌ಗಳಿಗೆ ಕಲಿಸಿದರು. ಆಮೇಲೆ ಕಿಂಡಿ ತೆರೆದಿಟ್ಟು, ಆಚೆಯಿಂದ ಬೇರೆ ರೇವನ್‌ನ ಧ್ವನಿಮುದ್ರಣ ಕೇಳಿಸಿದರು. ಎದುರಿಗೆ ಯಾರೂ ಇಲ್ಲ, ಆದರೂ ಅವು ಗಡಿಬಿಡಿಯಿಂದ ಬಚ್ಚಿಟ್ಟು ಜಾಗ ಕಾಯ್ದವು. ಕಿಂಡಿ ಮುಚ್ಚಿದ್ದರೆ ಆರಾಮ. ಅಂದರೆ ‘ನಾನು ಇಣುಕಿದ ಹಾಗೆ ಅವನೂ ಇಣುಕಬಹುದು’ ಅನ್ನುವ ಲೆಕ್ಕ. ಕಿಂಡಿಯ ಆಚೆ ಯಾರಿದ್ದಾರೆ ಅಂತ ಲೆಕ್ಕ ಹಾಕುವುದನ್ನು ಚಿತ್ರದುರ್ಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ!

ಬಚ್ಚಿಟ್ಟದ್ದನ್ನು ಮತ್ತೆ ಜಾಗ ಬದಲಿಸಿ ಇಡುವುದರ ಬಗ್ಗೆ ಅಮೆರಿಕದ ಸ್ಕ್ರಬ್ ಜೇ ಅನ್ನುವ ಹಕ್ಕಿಯ ಮೇಲೆ 2001ರಲ್ಲಿ ಒಂದು ಸಂಶೋಧನೆ ಆಯಿತು. ಹಾಗೆ ಮಾಡಿದ್ದು ಹಿಂದೆ ತಾವೂ ಬೇರೆಯವರದ್ದು ಕದ್ದ ಹಕ್ಕಿಗಳು ಮಾತ್ರ. ಕದ್ದು ಅಭ್ಯಾಸ ಇಲ್ಲದವು ಸುಮ್ಮನಿದ್ದವು. ಕಳ್ಳನಿಗೇ ಕಳ್ಳತನದ ಭಯ.

ಇಷ್ಟು ಜಾಣ ಕಾಗೆ ಕೋಗಿಲೆ ಕೈಲಿ ಹೇಗೆ ಮೋಸ ಹೋಗುತ್ತೆ?

ಕೋಗಿಲೆ ಗಂಡ ಹೆಂಡತಿ ಸೇರಿ ಆಡುವ ಆಟ ಅದು. ಕಪ್ಪು ಗಂಡು ಗೂಡಿನ ಹತ್ತಿರ ಬಂದು ಕೂಗುತ್ತದೆ. ಕಾಗೆಗಳು ಅಟ್ಟಿಸಿಕೊಂಡು ಹೋಗುತ್ತವೆ. ಅಷ್ಟರಲ್ಲಿ ಚುಕ್ಕೆ ಮೈಯ ಹೆಣ್ಣು ನುಗ್ಗಿ ಮೊಟ್ಟೆ ಇಟ್ಟು ಪರಾರಿ. ಮೊಟ್ಟೆ ಸ್ವಲ್ಪ ಸಣ್ಣದು, ಬಣ್ಣ ಹೆಚ್ಚುಕಮ್ಮಿ ಕಾಗೆಯದ್ದೇ. ಮರಿ ಕಾಗೆ ಮರಿಗಿಂತ ಮೊದಲೇ ಒಡೆದು ಬರುತ್ತದೆ. ಅಂದ ಹಾಗೆ, ಕುಹೂ ಅಂತ ಹಾಡುವುದು ಗಂಡು. ಕೋಗಿಲೆ ಕಂಠದ ಗಾಯಕಿ ಅಂತ ಹೊಗಳುವಾಗ ನಾವು ಹೊಗಳುವುದು ಗಂಡು ಹಕ್ಕಿಯನ್ನು.

ಕಾಗೆಗೆ ಒಂದೇ ಕಣ್ಣಾ?

ಎರಡು. ಕಾಕಾಸುರನ ಕತೆ ಕೇಳಿ ಬೆಳೆದವರ ಪ್ರಶ್ನೆ ಇದು. ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಒಂದೊಂದೇ ಕಣ್ಣಿನಲ್ಲಿ ಓರೆಯಾಗಿ ನೋಡುತ್ತದೆ. ಅದಕ್ಕೇ ಗುಡ್ಡೆ ಒಂದೇ, ಆ ಕಡೆ ಈ ಕಡೆ ಹೊರಳುತ್ತದೆ ಅನ್ನಿಸುವುದು.

ಕಾಗೆಗೆ ಲೆಕ್ಕ ಬರುತ್ತಾ?

ಒಂದು ಮಟ್ಟಿಗೆ ಬರುತ್ತದೆ. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಮೂರು ಕಾಗೆಗಳಿಗೆ ಗುರುತು ತೋರಿಸಿ, ಒಂದರಿಂದ ನಾಲ್ಕರವರೆಗೆ ಎಷ್ಟು ಬೇಕೋ ಅಷ್ಟೇ ಸಲ ಕೂಗುವುದನ್ನು ಕಲಿಸಿದರು. 2024ರಲ್ಲಿ ಪ್ರಕಟವಾಯಿತು.

ಬೇರೆ ಜಾಣ ಹಕ್ಕಿ ಯಾವುವು? ಗೂಬೆ?

ನಮ್ಮಲ್ಲಿ ಗೂಬೆ ಅಂದರೆ ಬೈಗುಳ, ಪರದೇಶದಲ್ಲಿ ಜ್ಞಾನದ ಗುರುತು. ಎರಡೂ ಅತಿಯಾಯಿತು. ಕಣಜದ ಗೂಬೆ ಕಗ್ಗತ್ತಲಲ್ಲಿ ಬರೀ ಸದ್ದು ಕೇಳಿ ಇಲಿ ಹಿಡಿಯುತ್ತದೆ. ಅದರ ಮಿದುಳು ಕಿವಿಗೆ ಮೀಸಲು, ಒಗಟು ಬಿಡಿಸಲು ಅಲ್ಲ.

ನನ್ನ ಓಟು ಕಾಜಾಣಕ್ಕೆ. ಮೆಕ್ಕೆಜೋಳದ ಹೊಲದಲ್ಲಿ ಟ್ರ್ಯಾಕ್ಟರ್ ಹಿಂದೆ ಹಾರುವ, ಬಾಲ ಸೀಳಿದ ಕಪ್ಪು ಹಕ್ಕಿ. ಶಿಕ್ರಾ ಗಿಡುಗದ ದನಿ ಅನುಕರಿಸಿ ಗೊರವಂಕಗಳನ್ನು ಹೆದರಿಸಿ ಓಡಿಸಿ, ಅವು ಬಿಟ್ಟ ಹುಳ ತಿನ್ನುವುದುಂಟು. ಆಫ್ರಿಕಾದ ಕಲಹರಿಯಲ್ಲಿ ಇದರ ಸೋದರ ಜಾತಿ ಇನ್ನೂ ಮುಂದೆ ಹೋಗಿದೆ. ಒಂದು ಕೂಗಿಗೆ ಪ್ರಾಣಿಗಳು ಹೆದರುವುದು ನಿಂತರೆ ಕೂಗನ್ನೇ ಬದಲಿಸುತ್ತದೆ. ಸುಳ್ಳು ಹಳೆಯದಾಗಬಾರದು ಅನ್ನುವುದು ಅದಕ್ಕೆ ಗೊತ್ತು.

ಗಿಳಿಗಳಲ್ಲಿ ಅಲೆಕ್ಸ್ ಅನ್ನುವ ಆಫ್ರಿಕಾದ ಬೂದು ಗಿಳಿ ದೊಡ್ಡ ಹೆಸರು. ಐರೀನ್ ಪೆಪ್ಪರ್‌ಬರ್ಗ್ ಅನ್ನುವ ವಿಜ್ಞಾನಿ ಅದಕ್ಕೆ ಸುಮಾರು 50 ವಸ್ತುಗಳ ಹೆಸರು, ಏಳು ಬಣ್ಣ, ಐದು ಆಕಾರ ಕಲಿಸಿದರು. 2007ರಲ್ಲಿ 31ನೇ ವಯಸ್ಸಿಗೆ ಸತ್ತಿತು. ನ್ಯೂಜಿಲೆಂಡಿನ ಕಿಯಾ ಗಿಳಿ ಕಾರಿನ ರಬ್ಬರ್ ಕಿತ್ತು ಹಾಕುತ್ತದೆ. ಹೊಟ್ಟೆಗಲ್ಲ, ಬರೀ ತಮಾಷೆಗೆ. ಸಿಡ್ನಿಯಲ್ಲಿ ಕಾಕಟೂಗಳು ಮನೆ ಮುಂದಿನ ಕಸದ ಡಬ್ಬಿಯ ಮುಚ್ಚಳ ಎತ್ತುವುದನ್ನು ಒಂದನ್ನು ನೋಡಿ ಒಂದು ಕಲಿತವು. ಜನ ಮುಚ್ಚಳದ ಮೇಲೆ ಇಟ್ಟಿಗೆ ಇಟ್ಟರು. ಹಕ್ಕಿಗಳು ಇಟ್ಟಿಗೆ ತಳ್ಳುವುದನ್ನು ಕಲಿತವು.

ಕಾಗೆ ಅಥವಾ ಗಿಳಿ ಸಾಕಬಹುದಾ?

ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು ಅಪರಾಧ. ಶಾಸ್ತ್ರ ಹೇಳುವ ಗಿಳಿಗೂ ಇದೇ ಕಾನೂನು. ಕಾಗೆ ಹಿಂದೆ ಅದೇ ಕಾಯ್ದೆಯಲ್ಲಿ ಇಲಿ ಹೆಗ್ಗಣದ ಜೊತೆ ಉಪದ್ರವಿ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆಯಿತು. ಕಾಗೆ ಬೇಕಾದರೆ ಒಂದು ಬೋಗುಣಿ ನೀರು ಸಾಕು, ಅದೇ ನಿಮ್ಮನ್ನು ಸಾಕಿಕೊಳ್ಳುತ್ತದೆ.

ಕಾಗೆ ಕೂಗಿದರೆ ನೆಂಟರು ಬರುತ್ತಾರಾ?

ನಮ್ಮನೆ ಮಾಳಿಗೆ ಮೇಲೆ ದಿನಾ ಕೂಗುತ್ತೆ. ಅಷ್ಟು ನೆಂಟರು ನಮಗಿಲ್ಲ.

ಹಪ್ಪಳ, ಸಂಡಿಗೆ ಒಣಹಾಕಿದರೆ ಬಿಡುವುದಿಲ್ಲ. ಏನು ಮಾಡಬೇಕು?

ಕೆಂಪು ಬಟ್ಟೆ ಕಟ್ಟಿ ನೋಡಿದ್ದೇನೆ, ಎರಡು ದಿನ. ಹಳೇ ಸಿಡಿ ತೂಗುಹಾಕಿದ್ದೇನೆ, ಮೂರು ದಿನ. ಕಪ್ಪು ಪ್ಲಾಸ್ಟಿಕ್ ಕವರ್ ಅನ್ನು ಸತ್ತ ಕಾಗೆಯ ಹಾಗೆ ನೇತುಹಾಕಿದಾಗ ಊರಿನ ಕಾಗೆಯೆಲ್ಲ ಸೇರಿ ಗಲಾಟೆ ಮಾಡಿದವು, ಒಂದು ವಾರ ಹತ್ತಿರ ಬರಲಿಲ್ಲ. ಸತ್ತ ಜೊತೆಗಾರನನ್ನು ಕಂಡರೆ ಸುತ್ತ ಸೇರಿ ‘ಇಲ್ಲಿ ಅಪಾಯ’ ಅಂತ ಕಲಿಯುವುದು ಅವುಗಳ ರೀತಿ. ಆದರೆ ಕವರ್ ಅಂತ ಗೊತ್ತಾದ ದಿನ ಅದರ ಮೇಲೇ ಕೂತವು. ಜಾಗ ಬದಲಿಸುತ್ತಿದ್ದರೆ ಯಾವುದೇ ಉಪಾಯ ಸ್ವಲ್ಪ ಜಾಸ್ತಿ ದಿನ ನಡೆಯುತ್ತದೆ. ಒಂದೇ ಕಡೆ ಬಿಟ್ಟರೆ ಕೆಟ್ಟಿತು.

ಕೊನೆಗೆ ಉಳಿದದ್ದು ಹಳೇ ಸೊಳ್ಳೆ ಪರದೆ. ಮಂಚದ ಮೇಲೆ ಹಪ್ಪಳ ಹರವಿ, ಪರದೆಯನ್ನು ಬಿಗಿಯಾಗಿ ಎಳೆದು ಕಟ್ಟಿ. ಅಂಚಿಗೆ ಕಲ್ಲು ಇಡುವುದಾದರೆ ಚಪ್ಪಡಿ ತುಂಡನ್ನೇ ಇಡಿ. ಸಣ್ಣ ಕಲ್ಲಾದರೆ ಎತ್ತಿ ಪಕ್ಕಕ್ಕಿಡುತ್ತದೆ.